ಬೇಸಿಗೆಯ ಬಯಲೂಟ ಮತ್ತು ಆಹಾರದ ಶುಚಿ

ಯುಗಾದಿ ಕಳೆದು ರಾಮನವಮಿ ಬಂದಿತೆಂದರೆ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಊಟವು ಅಡುಗೆಮನೆಯಿಂದ ಬಯಲಿಗೆ ಬರುತ್ತದೆ. ಚಾಮರಾಜಪೇಟೆಯ ಬೀದಿಗಳಲ್ಲಿ ಚಪ್ಪರ ಹಾಕಿ ಹೋಗುವವರು ಬರುವವರಿಗೆಲ್ಲ ಪಾನಕ, ನೀರುಮಜ್ಜಿಗೆ, ಕೋಸಂಬರಿ ಹಂಚುತ್ತಾರೆ. ಬಸವನಗುಡಿಯ ಛತ್ರಗಳ ಹಿತ್ತಿಲಲ್ಲಿ ಶಾಮಿಯಾನದ ಕೆಳಗೆ ಮದುವೆ ಮುಂಜಿಗಳ ಕೊಪ್ಪರಿಗೆಗಳು ಒಲೆಯೇರುತ್ತವೆ. ಮಲ್ಲೇಶ್ವರದ ಮನೆಗಳ ತಾರಸಿಯ ಮೇಲೆ ಹುಣ್ಣಿಮೆಯ ದಿನ ನೆಂಟರಿಷ್ಟರೆಲ್ಲ ಸೇರಿ ಬೆಳದಿಂಗಳೂಟ ಮಾಡುತ್ತಾರೆ. ಇದೇ ದಿನಗಳಲ್ಲಿ ನಮ್ಮ ಸಂಘದ ಸದಸ್ಯರಿಗೂ ಸ್ವಲ್ಪ ಬಿಡುವು. ಕಾಫಿ ಕೊಯ್ಲು ಮುಗಿದಿರುತ್ತದೆ, ಅಡಿಕೆ ಸುಲಿದು ಒಣಗಿಸಿ ಆಗಿರುತ್ತದೆ, ಮುಂಗಾರಿಗೆ ಇನ್ನೂ ಸಮಯವಿರುತ್ತದೆ. ಮಕ್ಕಳು ಬೆಂಗಳೂರಿನಲ್ಲಿ ನೆಲೆಸಿರುವವರು, ಸಂಬಂಧ ಬೆಳೆಸಿರುವವರು ಬಾಳೆಗೊನೆ, ಏಲಕ್ಕಿ, ಹಾಳೆ ತಟ್ಟೆಗಳನ್ನು ಜೀಪಿಗೆ ಹೇರಿಕೊಂಡು ಘಟ್ಟದಿಂದ ಹೊರಡುತ್ತಾರೆ.

ನೂರು ಜನ, ಐನೂರು ಜನ ಒಟ್ಟಿಗೆ ಉಣ್ಣುವ ಸಂತೋಷ ದೊಡ್ಡದು. ಆದರೆ ಮನೆಯಲ್ಲಿ ನಾಲ್ಕು ಜನರ ಅಡುಗೆ ಕೆಟ್ಟರೆ ನಾಲ್ಕು ಜನಕ್ಕೆ ತೊಂದರೆ. ಬಯಲಿನ ಕೊಪ್ಪರಿಗೆ ಕೆಟ್ಟರೆ ಇಡೀ ಪಂಕ್ತಿಗೆ ತೊಂದರೆ. ಆ ಪಂಕ್ತಿಯಲ್ಲಿ ಹಸುಗೂಸುಗಳೂ ಬಸುರಿಯರೂ ಎಂಬತ್ತು ದಾಟಿದ ಹಿರಿಯರೂ ಇರುತ್ತಾರೆ. ಆದ್ದರಿಂದ ಬೇಸಿಗೆಯ ಊಟ ಯಾಕೆ ಕೆಡುತ್ತದೆ, ಕೆಡದಂತೆ ಕಾಯುವುದು ಹೇಗೆ ಎಂಬ ಎರಡು ವಿಷಯಗಳನ್ನು ಸದಸ್ಯ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ತಂಪು ಊರೆಂಬ ಹಳೆಯ ನಂಬಿಕೆ

ಬೆಂಗಳೂರು ತಂಪು ಊರು, ಅಲ್ಲಿ ಬೆಳಗಿನ ಅಡುಗೆ ರಾತ್ರಿಯವರೆಗೂ ಕೆಡುವುದಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆ ಮಾತನ್ನು ಈಗ ನೆಚ್ಚಿಕೊಳ್ಳುವಂತಿಲ್ಲ. 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಯಿತು. ಸಾಧಾರಣ ವರ್ಷದ ಏಪ್ರಿಲ್‌ನಲ್ಲಿಯೂ ಮಧ್ಯಾಹ್ನ 34 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ತಗಡಿನ ಮಾಡಿನ ಕೆಳಗೆ, ಒಲೆಗಳ ಪಕ್ಕದಲ್ಲಿ, ಶಾಮಿಯಾನದ ಒಳಗೆ ಇದಕ್ಕಿಂತಲೂ ಹೆಚ್ಚು. ಮಲೆನಾಡಿನ ಮನೆಯ ಅಡುಗೆಕೋಣೆಯ ಅಭ್ಯಾಸವನ್ನು ಅಲ್ಲಿಗೆ ಒಯ್ದರೆ ನಡೆಯುವುದಿಲ್ಲ.

ಈ ಬಡಾವಣೆಗಳ ಹುಟ್ಟಿನಲ್ಲಿಯೇ ಆರೋಗ್ಯದ ಚಿಂತೆ ಸೇರಿದೆ ಎಂಬುದನ್ನು ಇಲ್ಲಿ ನೆನೆಯಬಹುದು. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಹಬ್ಬಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳನ್ನು ಅಗಲವಾದ ರಸ್ತೆ, ಗಾಳಿ ಬೆಳಕು, ಮನೆಯ ಹಿಂದೆ ಕಸ ಸಾಗಿಸುವ ಓಣಿ ಇವುಗಳನ್ನೆಲ್ಲ ಲೆಕ್ಕ ಹಾಕಿ ನಿರ್ಮಿಸಿದರು. ಶುಚಿಗಾಗಿಯೇ ಕಟ್ಟಿದ ಬಡಾವಣೆಗಳಲ್ಲಿ ಊಟದಿಂದ ರೋಗ ಬರಬಾರದು.

ಆದರೂ ಬರುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರು ತೀವ್ರ ನೀರಿನ ಅಭಾವ ಕಂಡಿತು. ಅದೇ ಏಪ್ರಿಲ್‌ನಲ್ಲಿ ನಗರದಿಂದ ಕಾಲರಾ ಪ್ರಕರಣಗಳು ವರದಿಯಾದವು. ಬೆಂಗಳೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿ ನಿಲಯವೊಂದರಿಂದಲೇ 47 ಮಂದಿ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ನಾಳಿನ ವೈದ್ಯರಿಗೇ ಹೀಗಾಗುವುದಾದರೆ ಮದುವೆ ಮನೆಯ ನಮ್ಮ ನಿಮ್ಮ ಪಾಡೇನು?

ಅನ್ನ ಹಳಸುವುದೆಂದರೇನು

ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭ. ಅರೇಬಿಕಾ ಹಣ್ಣನ್ನು ಕೊಯ್ದ ದಿನವೇ ಪಲ್ಪರ್‌ಗೆ ಹಾಕಬೇಕೆಂದು ನಾವೆಲ್ಲ ಬಲ್ಲೆವು. ಹಣ್ಣನ್ನು ಮೂಟೆಯಲ್ಲಿಯೇ ಬಿಟ್ಟರೆ, ರಾಶಿ ಹಾಕಿದರೆ, ಮಾರನೆಯ ಬೆಳಿಗ್ಗೆ ರಾಶಿಯೊಳಗೆ ಕೈಯಿಟ್ಟಾಗ ಬಿಸಿ ತಾಗುತ್ತದೆ, ಹುಳಿ ವಾಸನೆ ಬರುತ್ತದೆ. ಹೊರಗೆ ಚಳಿಯಿದ್ದರೂ ರಾಶಿಯ ನಡುವೆ ಕಾವು. ಕಣ್ಣಿಗೆ ಕಾಣದ ಜೀವಿಗಳು ಅಲ್ಲಿ ಕೆಲಸ ಮಾಡುತ್ತಿರುತ್ತವೆ. ತೊಟ್ಟಿಯಲ್ಲಿ ಬೀಜದ ಲೋಳೆ ಬಿಡುವುದೂ ಅವುಗಳಿಂದಲೇ. ಸೆಕೆಯ ದಿನ ಬೇಗ ಬಿಡುತ್ತದೆ, ಚಳಿಯ ದಿನ ತಡವಾಗುತ್ತದೆ. ಕೊಪ್ಪರಿಗೆಯ ಅನ್ನಕ್ಕೂ ಇದೇ ನಿಯಮ. ಅಷ್ಟೆತ್ತರದ ಅನ್ನದ ರಾಶಿಯ ಮೇಲ್ಭಾಗ ತಣ್ಣಗಾದರೂ ನಡುವೆ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಆ ಬೆಚ್ಚಗೆಯೇ ಅಪಾಯ.

5 ಡಿಗ್ರಿಗಿಂತ ಕೆಳಗೆ ರೋಗಾಣುಗಳ ಬೆಳವಣಿಗೆ ಬಹಳ ನಿಧಾನ. 60 ಡಿಗ್ರಿಗಿಂತ ಮೇಲೆ ಅವು ಬೆಳೆಯಲಾರವು. ಈ ಎರಡರ ನಡುವಿನದೇ ಅಪಾಯದ ವಲಯ. ಅನುಕೂಲವಾದ ಶಾಖದಲ್ಲಿ ಒಂದು ಅಣು 20 ನಿಮಿಷಕ್ಕೊಮ್ಮೆ ಎರಡಾಗಬಲ್ಲದು. ಲೆಕ್ಕ ಹಾಕಿ ನೋಡಿ: ಒಂದು ಗಂಟೆಗೆ ಒಂದು ಎಂಟಾಯಿತು, ಮೂರು ಗಂಟೆಗೆ 512 ಆಯಿತು, ಏಳು ಗಂಟೆಗೆ 20 ಲಕ್ಷ ದಾಟಿತು. ಬೆಳಿಗ್ಗೆ 11ಕ್ಕೆ ಬಸಿದ ಅನ್ನವನ್ನು ಸಂಜೆ 6ಕ್ಕೆ ಚಿತ್ರಾನ್ನ ಮಾಡಿದರೆ ಈ ಏಳು ಗಂಟೆ ತುಂಬಿತು.

ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಕಾಲ ಹೊರಗೆ ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೆಕೆ 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ ಎಂದು ಅಮೆರಿಕದ ಕೃಷಿ ಇಲಾಖೆಯ ಸಲಹೆ. ನಮ್ಮ ಬೇಸಿಗೆಗೆ ಈ ಎರಡನೆಯ ಲೆಕ್ಕವೇ ಸರಿ.

ಕುದಿಸಿದರೂ ಹೋಗದ ವಿಷ

"ಇನ್ನೊಮ್ಮೆ ಚೆನ್ನಾಗಿ ಕುದಿಸಿಬಿಡಿ, ಎಲ್ಲ ಸರಿಹೋಗುತ್ತದೆ" ಎಂಬುದು ಅಡುಗೆಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ಇದು ಅರ್ಧ ಸತ್ಯ ಮಾತ್ರ. ಕುದಿಸಿದರೆ ಬಹಳಷ್ಟು ರೋಗಾಣುಗಳು ಸಾಯುತ್ತವೆ, ನಿಜ. ಆದರೆ ಕೆಲವು ಅಣುಗಳು ಸಾಯುವ ಮೊದಲೇ ಆಹಾರದಲ್ಲಿ ವಿಷ ಬಿಟ್ಟಿರುತ್ತವೆ, ಮತ್ತು ಆ ವಿಷ ಕುದಿಯುವ ನೀರಿಗೆ ಜಗ್ಗುವುದಿಲ್ಲ. ಇಂಥವುಗಳಲ್ಲಿ ಎರಡನ್ನು ನಾವು ತಿಳಿದಿರಬೇಕು.

ಮೊದಲನೆಯದು ಬ್ಯಾಸಿಲಸ್ ಸೀರಿಯಸ್. ಇದು ಮಣ್ಣಿನಲ್ಲಿರುವ ಅಣು, ಅಕ್ಕಿಯ ಜೊತೆಗೇ ಬರುತ್ತದೆ. ಇದರ ಬೀಜಕಣಗಳು ಅನ್ನ ಕುದಿಯುವಾಗಲೂ ಬದುಕುತ್ತವೆ. ಅನ್ನ ಬೆಚ್ಚಗೆ ಉಳಿದರೆ ಮೊಳೆತು ವಿಷ ಉಂಟುಮಾಡುತ್ತವೆ. ಮತ್ತೆ ಒಗ್ಗರಣೆಗೆ ಹಾಕಿ ಹುರಿದರೂ ಆ ವಿಷ ಹೋಗದು. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ.

ಎರಡನೆಯದು ಸ್ಟೆಫಿಲೊಕಾಕಸ್. ಇದು ಮನುಷ್ಯರ ಮೂಗಿನಲ್ಲಿ, ಚರ್ಮದ ಮೇಲೆ, ಕೀವು ತುಂಬಿದ ಗಾಯದಲ್ಲಿ ಇರುತ್ತದೆ. ಬೆರಳು ಕೊಯ್ದುಕೊಂಡ ಬಾಣಸಿಗ ಬರಿಗೈಯಲ್ಲಿ ಪೇಡ ಕಟ್ಟಿದರೆ, ಖೋವಾ ನಾದಿದರೆ, ಮೊಸರನ್ನ ಕಲಸಿದರೆ ಅಲ್ಲಿಗೆ ಸೇರುತ್ತದೆ. ಇದರ ವಿಷವೂ ಶಾಖಕ್ಕೆ ಬಗ್ಗದು, ಇದೂ ಕೆಲವೇ ಗಂಟೆಗಳಲ್ಲಿ ವಾಂತಿ ಮಾಡಿಸುತ್ತದೆ.

ಇವಲ್ಲದೆ ದೊಡ್ಡ ಹಂಡೆಯ ಹುಳಿ, ಸಾಗು, ಮಾಂಸದ ಸಾರು ನಿಧಾನವಾಗಿ ಆರುವಾಗ ತಳದಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಮ್ ಎಂಬುದೊಂದಿದೆ. ಇದರಿಂದ ಹೊಟ್ಟೆನೋವು, ಭೇದಿ ಬರುವುದು ಆರು ಗಂಟೆಯ ನಂತರ, ಒಂದು ದಿನದೊಳಗೆ. ಅರೆಬೆಂದ ಮೊಟ್ಟೆ, ಕೋಳಿಯಿಂದ ಬರುವ ಸಾಲ್ಮೊನೆಲ್ಲಾ ಜ್ವರವನ್ನೂ ತರುತ್ತದೆ, ಮೂರು ದಿನ ತಡವಾಗಿಯೂ ತೋರಬಹುದು. ಕಾಲರಾ ಮುಖ್ಯವಾಗಿ ನೀರಿನಿಂದ.

ಈ ಸಮಯದ ಲೆಕ್ಕ ತಿಳಿದಿದ್ದರೆ ತಪ್ಪು ಪದಾರ್ಥದ ಮೇಲೆ ಗೂಬೆ ಕೂರಿಸುವುದು ತಪ್ಪುತ್ತದೆ. ಕೆಲವು ವರ್ಷಗಳ ಹಿಂದೆ ಬಂಧುಗಳ ಮನೆಯ ಮುಂಜಿಯೊಂದು ಚಾಮರಾಜಪೇಟೆಯ ಒಂದು ಛತ್ರದಲ್ಲಿ ನಡೆಯಿತು. ಮಧ್ಯಾಹ್ನ ಮೂರು ಪಂಕ್ತಿ ಊಟ ಸುಗಮವಾಗಿ ಸಾಗಿತು. ಉಳಿದ ಅನ್ನಕ್ಕೆ ಸಂಜೆ ನಿಂಬೆಹಣ್ಣು ಹಿಂಡಿ, ಕಡಲೆಬೀಜದ ಒಗ್ಗರಣೆ ಕೊಟ್ಟು, ಉಳಿದಿದ್ದ ನೆಂಟರಿಗೆ ಬಡಿಸಿದರು. ರಾತ್ರಿ ಒಂಬತ್ತರ ಹೊತ್ತಿಗೆ ಒಬ್ಬರ ಹಿಂದೊಬ್ಬರು ವಾಂತಿ ಮಾಡತೊಡಗಿದರು. ನೀರು ಕೆಟ್ಟಿತ್ತೆಂದರು ಕೆಲವರು, ಒಬ್ಬಟ್ಟಿನ ಹೂರಣ ಎಂದರು ಕೆಲವರು, ದೃಷ್ಟಿ ಎಂದವರೂ ಇದ್ದರು. ಮಧ್ಯಾಹ್ನ ಒಬ್ಬಟ್ಟು ತಿಂದು, ಅದೇ ನೀರು ಕುಡಿದು ಮನೆಗೆ ಹೋದವರಿಗೆ ಯಾರಿಗೂ ಏನೂ ಆಗಿರಲಿಲ್ಲ. ಸಂಜೆಯ ಚಿತ್ರಾನ್ನ ಮುಟ್ಟಿದವರಿಗೇ ಆದದ್ದು, ಎರಡು ಮೂರು ಗಂಟೆಯಲ್ಲೇ ಆದದ್ದು. ಬಂದ ವೈದ್ಯರು ಇಷ್ಟು ಕೇಳಿಯೇ ಅನ್ನದ ಕಡೆ ಬೆರಳು ತೋರಿಸಿದರು. ಆ ಅನ್ನ ಹಳಸಿದ ವಾಸನೆಯನ್ನೂ ಬೀರಿರಲಿಲ್ಲ. ಅಂದರೆ ಮೂಗು ಹೇಳುವುದೆಲ್ಲ ಸಾಕ್ಷಿಯಲ್ಲ, ಗಡಿಯಾರವೇ ಸಾಕ್ಷಿ.

ತಂಗಳನ್ನವನ್ನು ನೀರಲ್ಲಿ ನೆನೆಸಿ ಮಜ್ಜಿಗೆ ಬೆರೆಸಿ ಉಣ್ಣುತ್ತಿದ್ದ ನಮ್ಮ ಹಿರಿಯರಿಗೆ ಯಾಕೆ ಏನೂ ಆಗಲಿಲ್ಲ ಎಂದು ಕೇಳಬಹುದು. ಅದರ ರೀತಿ ಬೇರೆ. ನೀರಿನಲ್ಲಿ ಮುಳುಗಿದ ಅನ್ನ ಬೇಗ ಆರುತ್ತದೆ, ಮಜ್ಜಿಗೆಯ ಹುಳಿ ಕೆಟ್ಟ ಅಣುಗಳನ್ನು ಅಡಗಿಸುತ್ತದೆ. ಅದೂ ಮನೆಮಂದಿಯ ಒಂದು ಪಾತ್ರೆಯ ಮಾತು. ಐವತ್ತು ಸೇರಿನ ಕೊಪ್ಪರಿಗೆಗೆ ಆ ಉದಾಹರಣೆ ಸಲ್ಲದು.

ಪಾನಕ, ಮಜ್ಜಿಗೆ, ಕೋಸಂಬರಿ

ರಾಮನವಮಿಯ ಈ ಮೂರೂ ಒಲೆಯನ್ನೇ ಕಾಣದವು. ಆದ್ದರಿಂದ ಇವುಗಳ ಶುಚಿಯೆಲ್ಲ ನೀರಿನ ಶುಚಿ. ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ಶ್ರೀ ರಾಮಸೇವಾ ಮಂಡಲಿಯ ಸಂಗೀತೋತ್ಸವ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ನಡೆದು ದೇಶದಲ್ಲೇ ಹೆಸರಾಗಿದೆ. ಅದನ್ನು ಕೇಳಲು ಹೋಗುವ ನಮ್ಮ ಸದಸ್ಯರು ದಾರಿಯ ಚಪ್ಪರಗಳಲ್ಲಿ ಪಾನಕ ಕುಡಿಯದೆ ಬರುವುದಿಲ್ಲ. ಬೆಲ್ಲ, ನಿಂಬೆ, ಏಲಕ್ಕಿ, ಕಾಳುಮೆಣಸು. ಕೊನೆಯ ಎರಡಂತೂ ನಮ್ಮದೇ ತೋಟದ ಸರಕು. ಹಂಚುವವರ ಭಕ್ತಿಯಲ್ಲಿ ಕೊರತೆಯಿಲ್ಲ, ಹಂಚುವ ನೀರಿನಲ್ಲಿಯೂ ಕೊರತೆ ಇರಬಾರದು.

ನೀರನ್ನು ಹಿಂದಿನ ರಾತ್ರಿಯೇ ಚೆನ್ನಾಗಿ ಮರಳಿಸಿ, ಮುಚ್ಚಿಟ್ಟು ಆರಿಸುವುದು ಎಲ್ಲಕ್ಕಿಂತ ಉತ್ತಮ. ಕ್ಯಾನಿನ ನೀರು ತರಿಸುವುದಾದರೆ ಮೇಲಿನ ಬಿರಡೆಯ ಮುದ್ರೆ ಒಡೆದಿಲ್ಲವೇ, ಹದಿನಾಲ್ಕು ಅಂಕಿಯ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡಬೇಕು. ಟ್ಯಾಂಕರಿನ ನೀರು, ಸಂಪಿನ ನೀರು ನೆಲ ತೊಳೆಯುವುದಕ್ಕೆ ಇರಲಿ. ಮಂಜುಗಡ್ಡೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಗೋಣಿತಾಟಿನಲ್ಲಿ ಸುತ್ತಿ, ಹೊಟ್ಟು ಸವರಿ ತರುವ ದೊಡ್ಡ ಗಡ್ಡೆಗಳು ಮೀನು, ಹಣ್ಣು ತಣ್ಣಗಿಡಲೆಂದು ಮಾಡಿದವು. ಅವನ್ನು ಪಾತ್ರೆಯ ಹೊರಗೆ ಇಡಬಹುದೇ ಹೊರತು ಪಾನಕದೊಳಗೆ ಹಾಕತಕ್ಕದ್ದಲ್ಲ. ರೋಗಾಣು ಮಂಜಿನಲ್ಲಿ ಸಾಯುವುದಿಲ್ಲ, ನಿದ್ರಿಸುತ್ತದೆ ಅಷ್ಟೆ.

ಕೋಸಂಬರಿಗೆ ಹೆಸರುಬೇಳೆ ನೆನೆಸುವುದು ಕುಡಿಯುವ ನೀರಿನಲ್ಲಿಯೇ ಆಗಬೇಕು. ಬಸಿದ ಬೇಳೆ, ಹೆಚ್ಚಿದ ಸೌತೆಕಾಯಿ, ತುರಿದ ತೆಂಗಿನಕಾಯಿ ಇವನ್ನು ಬೇರೆ ಬೇರೆ ಇಟ್ಟು, ಹಂಚುವ ಮುನ್ನ ಸ್ವಲ್ಪ ಸ್ವಲ್ಪವಾಗಿ ಉಪ್ಪು ನಿಂಬೆ ಸೇರಿಸಿ ಕಲಸಬೇಕು. ಮೊದಲೇ ಉಪ್ಪು ಹಾಕಿದರೆ ಸೌತೆ ನೀರು ಬಿಡುತ್ತದೆ, ಕಾಯಿತುರಿ ಹುಳಿಯುತ್ತದೆ. ಕೈಯಲ್ಲಿ ಹಂಚದೆ ಸೌಟಿನಿಂದ ದೊನ್ನೆಗೆ ಹಾಕುವುದು ಒಳ್ಳೆಯದು. ಲೋಟಗಳನ್ನು ಒಂದೇ ಬಕೇಟಿನ ನೀರಿನಲ್ಲಿ ಅದ್ದಿ ತೆಗೆದು ಇನ್ನೊಬ್ಬರಿಗೆ ಕೊಡುವ ಪದ್ಧತಿ ಬಿಟ್ಟುಬಿಡಬೇಕು. ಮೊದಲನೆಯವನ ಎಂಜಲು ನೂರನೆಯವನಿಗೂ ಮುಟ್ಟುತ್ತದೆ.

ಕಿಲುಬು ಮತ್ತು ಮೈಲುತುತ್ತು

ಪಾನಕದ ಬಗ್ಗೆ ಇನ್ನೊಂದು ಮಾತು, ಇದು ವಿಶೇಷವಾಗಿ ನಮ್ಮವರಿಗೆ. ಬಾಡಿಗೆಗೆ ತರುವ ಹಿತ್ತಾಳೆ, ತಾಮ್ರದ ಕೊಳಗಗಳ ಒಳಮೈಗೆ ಕಲಾಯಿ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಕಲಾಯಿ ಹೋದ ಪಾತ್ರೆಯಲ್ಲಿ ನಿಂಬೆ, ಹುಣಸೆ, ಮೊಸರು, ಟೊಮೇಟೊ ಹಾಕಿದ ಯಾವುದನ್ನಿಟ್ಟರೂ ಹುಳಿಗೆ ತಾಮ್ರ ಕರಗಿ ಕಿಲುಬು ಬಿಡುತ್ತದೆ. ಕುಡಿದವರಿಗೆ ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆ ತೊಳಸು, ವಾಂತಿ. ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಶಿಲೀಂಧ್ರವನ್ನು ಕೊಲ್ಲುವುದೂ ಮೈಲುತುತ್ತಿನೊಳಗಿನ ಇದೇ ತಾಮ್ರ. ಶಿಲೀಂಧ್ರಕ್ಕೆ ಕೊಡುವುದನ್ನು ನೆಂಟರಿಗೆ ಕೊಡಬಾರದು. ಹುಳಿ ಪದಾರ್ಥಗಳಿಗೆ ಸ್ಟೀಲಿನ ಪಾತ್ರೆಯೇ ಸರಿ.

ಇದೇ ಸಂದರ್ಭದಲ್ಲಿ ತೋಟದ ಡ್ರಮ್ಮುಗಳ ವಿಷಯ ಹೇಳಲೇಬೇಕು. ಬೇಸಿಗೆಯಲ್ಲಿ ತೋಟದಲ್ಲೇ ಬಯಲಡುಗೆ ಏರ್ಪಡಿಸುವ ಸದಸ್ಯರಿದ್ದಾರೆ. ಔಷಧಿ ಕಲಸಿದ ಡ್ರಮ್ಮು, ಕೀಟನಾಶಕ ಬಂದ ಡಬ್ಬ ಎಷ್ಟು ಸಲ ತೊಳೆದರೂ ಅಡುಗೆಯ ನೀರಿಗೆ, ಮಜ್ಜಿಗೆಗೆ ಉಪಯೋಗಿಸತಕ್ಕದ್ದಲ್ಲ. ಖಾಲಿಯಾದ ಡಬ್ಬಕ್ಕೆ ತೂತು ಹೊಡೆದು ಯಾರೂ ಮತ್ತೆ ಬಳಸದಂತೆ ಮಾಡಿ. ಬೆಂಗಳೂರಿಗೆ ಹೊರಡುವ ಜೀಪಿನಲ್ಲಿ ಅಕ್ಕಿ, ಬೆಲ್ಲ, ತರಕಾರಿಯ ಜೊತೆಗೆ ಕೀಟನಾಶಕವನ್ನು ಒಂದೇ ಕಡೆ ಹೇರಬೇಡಿ.

ಇದು ಅತಿ ಎಚ್ಚರವೆಂದು ತೋರುವುದಾದರೆ ಎರಡು ಘಟನೆಗಳನ್ನು ನೆನಪಿಗೆ ತಂದುಕೊಳ್ಳಿ. 1958ರಲ್ಲಿ ಹಡಗಿನಲ್ಲಿ ಆಹಾರ ಪದಾರ್ಥಗಳ ಜೊತೆಗೇ ಸಾಗಿಸಿದ ಪ್ಯಾರಾಥಿಯಾನ್ ಕೀಟನಾಶಕ ಸೋರಿ, ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ದೇಶಕ್ಕೆ 1968ರ ಕೀಟನಾಶಕ ಕಾಯಿದೆ ಬಂದುದು ಅದರ ನಂತರ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಹಂಚಿದ ಪ್ರಸಾದದಲ್ಲಿ ಕೀಟನಾಶಕವಿತ್ತು. 17 ಮಂದಿ ಪ್ರಾಣ ಕಳೆದುಕೊಂಡರು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಅಲ್ಲಿ ವಿಷ ಬೆರೆಸಿದ್ದು ಉದ್ದೇಶಪೂರ್ವಕವೆಂದು ಪೊಲೀಸರ ಆರೋಪ. ಅದು ನ್ಯಾಯಾಲಯದ ವಿಷಯ. ನಮಗೆ ಅದರಿಂದ ಬರುವ ಪಾಠವೆಂದರೆ ಎರಡು: ವಿಷದ ಬಾಟಲಿಗೆ ಬೀಗವಿರಬೇಕು, ಜನರಿಗೆ ಹಂಚುವ ಅಡುಗೆಯ ಬಳಿ ಜವಾಬ್ದಾರಿಯ ಒಬ್ಬರು ಸದಾ ಇರಬೇಕು. ಹಿಂದೆ ದೊಡ್ಡ ಮನೆಗಳ ಮದುವೆಯಲ್ಲಿ ಉಗ್ರಾಣದ ಬೀಗದ ಕೈ ಒಬ್ಬ ಹಿರಿಯರ ಸೊಂಟದಲ್ಲೇ ಇರುತ್ತಿತ್ತು. ಕಳ್ಳತನದ ಭಯಕ್ಕೆ ಮಾತ್ರವಲ್ಲ.

ಛತ್ರದ ಅಡುಗೆ

ಅಡುಗೆಯವರಿಗೆ ಗುತ್ತಿಗೆ ಕೊಡುವಾಗ ನಾವು ಎಲೆಗೆಷ್ಟು, ಸಿಹಿ ಎಷ್ಟು ಬಗೆ ಎಂದು ಕೇಳುತ್ತೇವೆ. ಅದರ ಜೊತೆಗೆ ಕೈ ತೊಳೆಯಲು ನಲ್ಲಿ, ಸಾಬೂನು ಅಡುಗೆಯ ಹತ್ತಿರವೇ ಇದೆಯೇ, ತರಕಾರಿ ಹೆಚ್ಚುವುದು ನೆಲದ ಮೇಲೋ ಮೇಜಿನ ಮೇಲೋ, ವಾಂತಿಭೇದಿ ಇರುವವರನ್ನೂ ಕೈಯಲ್ಲಿ ಹುಣ್ಣಿರುವವರನ್ನೂ ಬಡಿಸುವ ಕೆಲಸದಿಂದ ದೂರ ಇಡುತ್ತಾರೆಯೇ ಎಂಬುದನ್ನೂ ಕೇಳಬೇಕು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ 2006ರಲ್ಲಿ ಬಂದು 2011ರಿಂದ ಪೂರ್ಣವಾಗಿ ಜಾರಿಯಲ್ಲಿದೆ. ಊಟದ ಗುತ್ತಿಗೆದಾರರಿಗೆ ಅದರಂತೆ ನೋಂದಣಿ ಅಥವಾ ಪರವಾನಗಿ ಇರಬೇಕು. ಅದನ್ನು ಕೇಳುವುದರಲ್ಲಿ ಸಂಕೋಚವೇನೂ ಇಲ್ಲ. ಇಡ್ಲಿಯನ್ನು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುವುದನ್ನು 2025ರಲ್ಲಿ ರಾಜ್ಯ ಸರ್ಕಾರ ನಿಷೇಧಿಸಿದೆ. ಬಟ್ಟೆಯೇ ಬೇಕೆಂದು ಮೊದಲೇ ಹೇಳಿಬಿಡಿ.

ಅಡುಗೆಯ ಕ್ರಮದಲ್ಲಿ ಮುಖ್ಯವಾದುದು ಸಮಯ. ಮುಹೂರ್ತ ಬೆಳಿಗ್ಗೆ ಹತ್ತಕ್ಕಿದ್ದರೆ ಊಟ ಹನ್ನೆರಡೂವರೆಗೆ. ಆದರೂ ಅನೇಕ ಕಡೆ ಏಳು ಗಂಟೆಗೇ ಪಲ್ಯ, ಗೊಜ್ಜು, ಅನ್ನ ಎಲ್ಲ ಮುಗಿಸಿ ಅಡುಗೆಯವರು ವಿಶ್ರಮಿಸುತ್ತಾರೆ. ಒಬ್ಬಟ್ಟು, ಲಾಡು, ಹಪ್ಪಳ, ಗೊಜ್ಜು ಮೊದಲು ಆಗಲಿ. ಇವು ಬೇಗ ಕೆಡುವುದಿಲ್ಲ. ಅನ್ನ, ಹುಳಿ, ಕಾಯಿ ಹಾಕಿದ ಪಲ್ಯ, ಪಾಯಸ ಕೊನೆಗೆ. ಅನ್ನವನ್ನು ಒಂದೇ ಸಲ ಬೇಯಿಸದೆ ಪಂಕ್ತಿ ಪಂಕ್ತಿಗೆ ಬೇಯಿಸುವುದು ಉತ್ತಮ. ಉರುವಲು ಸ್ವಲ್ಪ ಹೆಚ್ಚು ಹೋದೀತು, ಅನ್ನ ಉಳಿಯುವುದೂ ಕಡಿಮೆಯಾದೀತು. ಹುಳಿ, ಸಾರುಗಳ ಪಾತ್ರೆ ಸಣ್ಣ ಉರಿಯ ಮೇಲೇ ಇರಲಿ, ಆವಿ ಏಳುತ್ತಲೇ ಇರಲಿ. ಮೊದಲ ಪಂಕ್ತಿಯ ಬಕೇಟಿನಲ್ಲಿ ಉಳಿದುದನ್ನು ಹೊಸ ಹುಳಿಗೆ ಸುರಿಯಬೇಡಿ.

ಕಾಫಿಯ ಹಾಲಿಗೂ ಇದೇ ನಿಯಮ. ಕಾದ ಹಾಲಿಗೆ ಹಸಿ ಹಾಲು ಸುರಿದು ಬೆಚ್ಚಗೆ ಇಟ್ಟರೆ ಸಂಜೆಗೆ ಒಡೆಯುತ್ತದೆ. ಕಾಫಿ ಬೆಳೆಗಾರರ ಮನೆಯ ಮದುವೆಯಲ್ಲಿ ಕಾಫಿಯೇ ಕೆಟ್ಟರೆ ಊರಲ್ಲಿ ತಲೆಯೆತ್ತಿ ತಿರುಗುವುದು ಕಷ್ಟ!

ಬಾಡೂಟ ಮಾಡುವವರು ಹಸಿ ಮಾಂಸಕ್ಕೆ ಬೇರೆ ಮಣೆ, ಬೇರೆ ಕತ್ತಿ, ಬೇರೆ ಪರಾತ ಇಡಬೇಕು. ಮಸಾಲೆ ಸವರಿದ ಕೋಳಿಯನ್ನು ಬಿಸಿಲಲ್ಲಿಟ್ಟು ನೆನೆಸಬಾರದು. ಕೆಂಡದ ಮೇಲೆ ಸುಡುವಾಗ ಹೊರಗೆ ಕಪ್ಪಾದರೂ ಒಳಗೆ ಹಸಿಯಿರುವುದುಂಟು. ಮೂಳೆಯ ಬಳಿ ಕೊಯ್ದು ನೋಡಿದರೆ ಕೆಂಪು ನೀರು ಬರಬಾರದು. ಹಸಿ ಮಾಂಸವಿದ್ದ ತಟ್ಟೆಗೇ ಸುಟ್ಟುದನ್ನು ತೆಗೆದಿಟ್ಟರೆ ಮಾಡಿದ್ದೆಲ್ಲ ವ್ಯರ್ಥ.

ಬೆಳದಿಂಗಳೂಟ ಮತ್ತು ಬುತ್ತಿ

ಬೆಳದಿಂಗಳೂಟದ ಕಷ್ಟವೆಂದರೆ ನಾಲ್ಕು ಗಂಟೆಗೆ ಮಾಡಿದ್ದನ್ನು ಒಂಬತ್ತಕ್ಕೆ ಉಣ್ಣುವುದು. ಬುತ್ತಿ ಕಟ್ಟುವ ಕಲೆಯಲ್ಲಿ ನಮ್ಮ ಅಜ್ಜಿಯರು ನಿಪುಣರು. ದೂರದ ಪ್ರಯಾಣಕ್ಕೆ ಪುಳಿಯೋಗರೆ ಕಟ್ಟುತ್ತಿದ್ದರು. ಹುಣಸೆಯ ಹುಳಿ, ಎಣ್ಣೆ, ಉಪ್ಪು ಸೇರಿದ ಗೊಜ್ಜು ಬೇಗ ಕೆಡದು. ಕಾಯಿ ಹಾಕಿದ್ದನ್ನು ಕಟ್ಟುತ್ತಿರಲಿಲ್ಲ. ಮೊಸರನ್ನಕ್ಕೆ ಹಾಲೆರೆದು ಒಂದು ಚಮಚ ಮೊಸರು ಬೆರೆಸುತ್ತಿದ್ದರು, ಉಣ್ಣುವ ಹೊತ್ತಿಗೆ ಹದವಾಗಿ ಹೆಪ್ಪಾಗುತ್ತಿತ್ತು. ಇದರಲ್ಲೆಲ್ಲ ಒಳ್ಳೆಯ ವಿಜ್ಞಾನವಿದೆ. ಆದರೂ ಅನ್ನ ಅನ್ನವೇ. ಗೊಜ್ಜನ್ನು ಬೇರೆ ಒಯ್ದು, ಅನ್ನವನ್ನು ತಡವಾಗಿ ಮಾಡಿ ಅಲ್ಲೇ ಕಲಸುವುದು ಇನ್ನೂ ಕ್ಷೇಮ. ಬಿಸಿಬೇಳೆಬಾತನ್ನು ಬಿಸಿ ಹಿಡಿಯುವ ಡಬ್ಬಿಗೆ ಕುದಿಯುತ್ತಿರುವಾಗಲೇ ತುಂಬಿ ಗಟ್ಟಿಯಾಗಿ ಮುಚ್ಚಬೇಕು. ಡಬ್ಬಿಗೆ ಮೊದಲು ಬಿಸಿನೀರು ಹಾಕಿ ಕಾಯಿಸಿಟ್ಟಿರಬೇಕು. ಹೆಚ್ಚಿದ ಹಣ್ಣನ್ನು ಒಯ್ಯದೆ ಇಡೀ ಹಣ್ಣು ಒಯ್ದು ಅಲ್ಲಿ ಹೆಚ್ಚಿ. ಕೈತುತ್ತು ಹಾಕುವ ಅಮ್ಮನ ಕೈ ಸಾಬೂನು ಕಂಡಿರಲಿ.

ಎಲೆಯ ವಿಷಯಕ್ಕೆ ಬಂದರೆ, ಬಾಳೆಎಲೆಯನ್ನು ಊಟಕ್ಕೆ ಕುಳಿತವರು ನೀರು ಚಿಮುಕಿಸಿ ಒರೆಸುವುದಷ್ಟೇ ಸಾಲದು, ಮೊದಲೇ ತೊಳೆದು ಹಾಕಬೇಕು. ನಮ್ಮ ಹಾಳೆ ತಟ್ಟೆಗಳಿಗೆ ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ. ಕಪ್ಪು ಹಸಿರು ಚುಕ್ಕೆಯ ತಟ್ಟೆಗಳನ್ನು ಒರೆಸಿ ಬಳಸದೆ ಬಿಸಾಡಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರಲ್ಲಿ ಅಡಿಕೆಯ ರಾಸಾಯನಿಕಗಳು ಹಾಳೆಯಿಂದ ಆಹಾರಕ್ಕೆ ಇಳಿಯಬಹುದೆಂದು ಹೇಳಿ ಈ ತಟ್ಟೆಗಳ ಆಮದನ್ನು ತಡೆದಿದೆ. ಇಂಥ ಕಾಲದಲ್ಲಿ ಬೂಷ್ಟು ಹಿಡಿದ ಒಂದು ತಟ್ಟೆ ಪೇಟೆಯವರ ಕಣ್ಣಿಗೆ ಬಿದ್ದರೂ ನಷ್ಟ ಎಲ್ಲ ಬೆಳೆಗಾರರಿಗೆ.

ಉಳಿದ ಅನ್ನ

ಈಗ ಎಲ್ಲಕ್ಕಿಂತ ಕಠಿಣವಾದ ಮಾತು. ಅನ್ನ ದೇವರು, ಚೆಲ್ಲಬಾರದು ಎಂದು ನಾವು ಬೆಳೆದು ಬಂದವರು. ಆದ್ದರಿಂದ ಉಳಿದುದನ್ನು ಹಂಚುತ್ತೇವೆ. ಯಾರಿಗೆ ಹಂಚುತ್ತೇವೆ? ರಾತ್ರಿ ಹತ್ತಕ್ಕೆ, ಮನೆಯವರು ಮುಟ್ಟಲು ಹಿಂಜರಿಯುವ ಮಧ್ಯಾಹ್ನದ ಅನ್ನ ಹುಳಿಯನ್ನು ಪಾತ್ರೆ ತೊಳೆಯುವ ಹೆಂಗಸರಿಗೆ, ಜೀಪಿನ ಚಾಲಕನಿಗೆ, ತೋಟದ ಲೈನಿನ ಕೆಲಸದವರಿಗೆ ಕೊಡುತ್ತೇವೆ. ಅವರು ಅದನ್ನು ಮನೆಗೆ ಒಯ್ದು ಮಕ್ಕಳಿಗೆ ಹಾಕುತ್ತಾರೆ. ನಾವು ಉಣ್ಣಲಾರದ ಊಟವನ್ನು ಇನ್ನೊಬ್ಬರಿಗೆ ಕೊಡುವುದು ದಾನವಲ್ಲ. ಆ ಮಗುವಿಗೆ ಭೇದಿಯಾದರೆ ನಾಳೆ ತಾಯಿಗೆ ಕೂಲಿಯೂ ಇಲ್ಲ, ಔಷಧಿಯ ಖರ್ಚು ಬೇರೆ.

ಹಾಗೆಂದು ಚೆಲ್ಲಬೇಕೆಂದಲ್ಲ. ದಾನವನ್ನು ಮೊದಲು ಮಾಡಿ, ಕೊನೆಗಲ್ಲ. ಕೊನೆಯ ಪಂಕ್ತಿ ಏಳುವ ಮೊದಲೇ ಉಳಿಯುವುದೆಷ್ಟು ಎಂದು ಅಂದಾಜು ಮಾಡಿ, ಬಿಸಿಯಿರುವಾಗಲೇ ಬೇರೆ ತೆಗೆದು ಕೊಟ್ಟುಬಿಡಿ. ಅವರು ಅಲ್ಲೇ ಕುಳಿತು ಉಣ್ಣುವಂತಾದರೆ ಇನ್ನೂ ಸರಿ. ಇಟ್ಟುಕೊಳ್ಳುವ ಅನ್ನವನ್ನು ಅಗಲವಾದ ಪರಾತಗಳಲ್ಲಿ ಎರಡು ಅಂಗುಲಕ್ಕಿಂತ ಎತ್ತರವಾಗದಂತೆ ಹರಡಿ, ಆರಿದೊಡನೆ ತಂಗಳುಪೆಟ್ಟಿಗೆಗೆ ಸೇರಿಸಿ. ನಾವು ಕಾಫಿಯನ್ನು ಕಣದಲ್ಲಿ ತೆಳುವಾಗಿ ಹರಡುವುದು ಯಾಕೆಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಂಟು ಗಂಟೆ ಹೊರಗಿದ್ದುದು ದನಕ್ಕೂ ಬೇಡ, ಗೊಬ್ಬರದ ಗುಂಡಿಗೆ ಹೋಗಲಿ. ಭೂಮಿಗೆ ಸೇರಿದ ಅನ್ನ ವ್ಯರ್ಥವಾಯಿತೆಂದು ಬೆಳೆಗಾರ ಹೇಳಲಾರ.

ತೊಂದರೆಯಾದಾಗ

ವಾಂತಿಭೇದಿಯಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಮೈಯ ನೀರು ಬತ್ತುವುದು. ಔಷಧಿ ಅಂಗಡಿಯ ಓ.ಆರ್.ಎಸ್. ಪುಡಿ ಇದ್ದರೆ ಉತ್ತಮ. ಇಲ್ಲವಾದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಚಹದ ಚಮಚದಲ್ಲಿ ಸಮವಾಗಿ ತುಂಬಿದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕದಡಿ, ಗುಟುಕು ಗುಟುಕಾಗಿ ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಆರಂಭಿಸಬೇಕು. ಎದೆಹಾಲು ಕುಡಿಯುವ ಮಗುವಿಗೆ ಅದನ್ನು ನಿಲ್ಲಿಸಬಾರದು. ಮಕ್ಕಳಿಗೆ ಭೇದಿ ಕಟ್ಟುವ ಮಾತ್ರೆಯನ್ನು ನಮ್ಮಷ್ಟಕ್ಕೆ ನಾವೇ ಕೊಡಬಾರದು.

ಮಲದಲ್ಲಿ ರಕ್ತ, ಇಳಿಯದ ಜ್ವರ, ಗುಳಿಬಿದ್ದ ಕಣ್ಣು, ಮೂತ್ರ ನಿಲ್ಲುವುದು, ಮಂಪರು, ಅಕ್ಕಿ ತೊಳೆದ ನೀರಿನಂತೆ ಧಾರಾಕಾರ ಭೇದಿ, ಇವುಗಳಲ್ಲಿ ಯಾವುದು ಕಂಡರೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಬಾಯಲ್ಲಿ ನೊರೆ, ಬೆವರು, ಕಣ್ಣಿನ ಪಾಪೆ ಕಿರಿದಾಗುವುದು, ಉಸಿರಾಟದ ಕಷ್ಟ ಕಂಡರೆ ಅದು ಕೀಟನಾಶಕದ ಲಕ್ಷಣವಿರಬಹುದು. ವಾಂತಿ ಮಾಡಿಸಲು ಹೋಗದೆ ಕೂಡಲೇ ಒಯ್ಯಿರಿ, ಡಬ್ಬ ಸಿಕ್ಕಿದರೆ ವೈದ್ಯರಿಗೆ ತೋರಿಸಿ. ಪ್ರತಿಯೊಂದು ಪದಾರ್ಥದಲ್ಲಿ ಒಂದು ಸಣ್ಣ ಬಟ್ಟಲಿನಷ್ಟನ್ನು ಎರಡು ದಿನ ತಂಗಳುಪೆಟ್ಟಿಗೆಯಲ್ಲಿ ಮುಚ್ಚಿಡುವ ಅಭ್ಯಾಸ ಮಾಡಿಕೊಂಡರೆ ಪರೀಕ್ಷೆಗೆ ಅನುಕೂಲ. ಅನೇಕರಿಗೆ ಒಟ್ಟಿಗೆ ತೊಂದರೆಯಾದಾಗ ಮಾನಕ್ಕೆ ಅಂಜಿ ಮುಚ್ಚಿಡದೆ ಆರೋಗ್ಯ ಇಲಾಖೆಗೆ ತಿಳಿಸುವುದು ಕರ್ತವ್ಯ.

ಸದಸ್ಯರು ಮನೆಯಲ್ಲಿ ಸಮಾರಂಭವಿರುವಾಗ ಈ ಕೆಳಗಿನವನ್ನು ಉಗ್ರಾಣದ ಬಾಗಿಲಿಗೆ ಬರೆದು ಅಂಟಿಸಬಹುದು:

1. ಕುಡಿಯುವ ನೀರು, ಪಾನಕದ ನೀರು ಕುದಿಸಿ ಆರಿಸಿದ್ದು. ಹೊರಗಿನ ಮಂಜುಗಡ್ಡೆ ಒಳಗಿಲ್ಲ.

2. ಅನ್ನ ಬಸಿದ ಹೊತ್ತು ಹಲಗೆಯ ಮೇಲೆ ಬರೆಯಿರಿ. ಬಿಸಿಯಾಗಿ ಇಡಿ, ಇಲ್ಲವೇ ಬೇಗ ಆರಿಸಿ, ನಡುವೆ ಬಿಡಬೇಡಿ.

3. ಹುಳಿ ಪದಾರ್ಥ ಕಲಾಯಿ ಇಲ್ಲದ ಪಾತ್ರೆಗೆ ಬೇಡ.

4. ತೋಟದ ಔಷಧಿ, ಅದರ ಡಬ್ಬ, ಡ್ರಮ್ಮು ಅಡುಗೆಯ ಹತ್ತಿರ ಬಾರದಿರಲಿ.

5. ಸಾಬೂನು, ನೀರು ಅಡುಗೆಯ ಮಗ್ಗುಲಲ್ಲಿ. ಗಾಯದ ಕೈ ಅಡುಗೆಗಿಲ್ಲ.

6. ಉಳಿದುದು ಬಿಸಿಯಿರುವಾಗಲೇ ಹಂಚಬೇಕು. ನಾವು ಉಣ್ಣಲಾರದ್ದು ಯಾರಿಗೂ ಬೇಡ.

7. 108 ಸಂಖ್ಯೆ ಮತ್ತು ಹತ್ತಿರದ ಆಸ್ಪತ್ರೆಯ ಹೆಸರು ಇಲ್ಲೇ ಬರೆದಿರಲಿ.

ಈ ಏಳರಲ್ಲಿ ಹಣ ಬೇಡುವುದು ಯಾವುದೂ ಇಲ್ಲ. ಬೇಡುವುದು ಒಬ್ಬರ ಗಮನ ಮಾತ್ರ. ಬರುವ ಬೇಸಿಗೆಯಲ್ಲಿ ಶುಭಕಾರ್ಯ ಇಟ್ಟುಕೊಂಡಿರುವ ಸದಸ್ಯರು ಆ ಒಬ್ಬರು ಯಾರೆಂದು ಲಗ್ನಪತ್ರಿಕೆ ಅಚ್ಚು ಹಾಕಿಸುವ ದಿನವೇ ಗೊತ್ತುಮಾಡಿಕೊಳ್ಳಬೇಕೆಂದು ವಿನಂತಿ.

— ಕಾರ್ಯದರ್ಶಿ